ಮಂಡಿ ಹೇಗಿದೆ ಅಂತ ಯಾರು ಕೇಳಬೇಕು?

ಮಂಡಿ ಕೀಲು ಬದಲಿಸಿಕೊಂಡವರು ಚೆಕಪ್‌ಗೆ ಬಂದಾಗ "ಹೇಗಿದೆ ಅಮ್ಮಾ?" ಅಂತ ಕೇಳುತ್ತಿದ್ದೆ. "ಚೆನ್ನಾಗಿದೆ ಡಾಕ್ಟ್ರೇ, ನಿಮ್ಮಿಂದ ಉಪಕಾರ ಆಯ್ತು" ಅನ್ನುತ್ತಿದ್ದರು. ಎಕ್ಸ್-ರೇ ನೋಡಿ, ಮಂಡಿ ಎಷ್ಟು ಮಡಚುತ್ತೆ ಅಂತ ಅಳೆದು ಕಳಿಸುತ್ತಿದ್ದೆ. ಶಿವಮೊಗ್ಗದಲ್ಲಿ ನನ್ನ ಕೆಲಸ ಹಲವು ವರ್ಷ ಹೀಗೇ ನಡೆಯಿತು.

ಆಮೇಲೆ ಆಕ್ಸ್‌ಫರ್ಡ್ ನೀ ಸ್ಕೋರ್ ಶುರು ಮಾಡಿದೆ. 1998ರಲ್ಲಿ ಬಂದ ಪ್ರಶ್ನಾವಳಿ ಇದು. ಕಳೆದ ನಾಲ್ಕು ವಾರ ಹೇಗಿತ್ತು ಅಂತ 12 ಪ್ರಶ್ನೆ. ಒಂದೊಂದಕ್ಕೆ 0ಯಿಂದ 4 ಅಂಕ, ಒಟ್ಟು 48. ಜಾಸ್ತಿ ಬಂದಷ್ಟೂ ಒಳ್ಳೆಯದು. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ 2009ರಿಂದ ಮಂಡಿ, ಸೊಂಟದ ಕೀಲು ಬದಲಿಸಿಕೊಳ್ಳುವವರನ್ನು ಆಪರೇಷನ್ನಿಗೆ ಮುಂಚೆ ಒಮ್ಮೆ, ಆರು ತಿಂಗಳಾದ ಮೇಲೆ ಒಮ್ಮೆ ಹೀಗೆ ಕೇಳಲು ಶುರು ಮಾಡಿತು.

ನಾನು ಮೊದಲಿಗೆ ಎರಡು ತಪ್ಪು ಮಾಡಿದೆ. ಪ್ರಶ್ನೆಗಳನ್ನು ನಾನೇ ಕೇಳಿದೆ. ಆಪರೇಷನ್ ಮಾಡಿದವನ ಎದುರಿಗೆ ಕೂತು ನೋವಿದೆ ಅನ್ನೋಕೆ ಸಂಕೋಚ ಆಗುತ್ತೆ, ಅಲ್ವಾ? ಇನ್ನೊಂದು, ಆಪರೇಷನ್ನಿಗೆ ಮುಂಚೆ ಕೇಳಿರಲಿಲ್ಲ. 14ರಲ್ಲಿದ್ದವರಿಗೆ 36 ಬಂದರೆ ಅದರ ಅರ್ಥವೇ ಬೇರೆ, 32ರಲ್ಲಿದ್ದವರಿಗೆ ಬಂದರೆ ಬೇರೆ. ಈಗ ನಾನಿಲ್ಲದ ಕೋಣೆಯಲ್ಲಿ ಸಿಸ್ಟರ್ ಓದಿ ಹೇಳುತ್ತಾರೆ. ಮಗ, ಸೊಸೆ ನಡುವೆ ಬಾಯಿ ಹಾಕುವಂತಿಲ್ಲ.

ಹೊಸನಗರದ ಕಡೆಯ ಒಬ್ಬ ಅಮ್ಮ. ಎಕ್ಸ್-ರೇಯಲ್ಲಿ ಒಂದು ಕೊರತೆ ಇರಲಿಲ್ಲ. ಮಂಡಿ 115 ಡಿಗ್ರಿ ಮಡಚುತ್ತಿತ್ತು. ಆದರೂ ಆರು ತಿಂಗಳಿಗೆ ಅಂಕ ನಾನು ಅಂದುಕೊಂಡಷ್ಟು ಏರಿರಲಿಲ್ಲ. ಹಾಳೆ ತೆಗೆದು ಒಂದೊಂದೇ ಸಾಲು ನೋಡಿದೆ. ರಾತ್ರಿ ನೋವಿಗೆ 4, ಅಂದರೆ ನೋವೇ ಇಲ್ಲ. ಮಂಡಿ ಇದ್ದಕ್ಕಿದ್ದಂತೆ ಕುಸಿಯುತ್ತೆ ಅನಿಸುತ್ತಾ ಅನ್ನೋದಕ್ಕೆ ಸೊನ್ನೆ, ಅಂದರೆ ಯಾವಾಗಲೂ ಅನಿಸುತ್ತೆ. ಮೆಟ್ಟಿಲು ಇಳಿಯೋದಕ್ಕೆ 1.

ಹತ್ತಿರ ಕೂತು ಮಾತಾಡಿಸಿದೆ. ಮನೆಗೂ ತೋಟಕ್ಕೂ ನಡುವೆ ಹಳ್ಳ. ದಾಟಲು ಅಡಿಕೆ ಮರದ ಸಂಕ. ಮಳೆಗೆ ಪಾಚಿ ಕಟ್ಟಿ ಜಾರುತ್ತೆ. ಕಾಲಿಟ್ಟರೆ ಮಂಡಿ ಕೈಕೊಡುತ್ತೆ ಅನ್ನೋ ಭಯಕ್ಕೆ ತೋಟಕ್ಕೆ ಹೋಗೋದನ್ನೇ ಬಿಟ್ಟಿದ್ದರು. "ಇಷ್ಟು ಕಷ್ಟಪಟ್ಟು ಮಾಡಿದೀರಿ, ಬೇಜಾರಾಗುತ್ತೆ ಅಂತ ಸುಮ್ನಿದ್ದೆ" ಅಂದರು. ನನಗೆ ತುಂಬಾ ನೋವಾಯಿತು. ಟೇಪ್ ಹಿಡಿದು ನೋಡಿದರೆ ಆ ತೊಡೆ ಇನ್ನೊಂದಕ್ಕಿಂತ ಎರಡು ಸೆಂಟಿಮೀಟರ್ ಸಣ್ಣ. ಮಂಡಿಯನ್ನು ಹಿಡಿದು ನಿಲ್ಲಿಸೋ ತೊಡೆಯ ಮುಂದಿನ ಸ್ನಾಯು ಸೊರಗಿತ್ತು. ಮೂರು ತಿಂಗಳು ಫಿಸಿಯೋಥೆರಪಿ ನಡೆಯಿತು. ಕೈ ಊರದೆ ಕುರ್ಚಿಯಿಂದ ಏಳೋದು, ಒಂದೇ ಮೆಟ್ಟಿಲು ಹತ್ತಿ ನಿಧಾನ ಇಳಿಯೋದು.

ಪ್ರಶ್ನಾವಳಿಯಲ್ಲಿ ಸಂಕ ಇಲ್ಲ. ಅದರ ಮಾತು ನಾವು ಬದಲಿಸಿದರೆ ಬೇರೆ ಕಡೆಯ ಅಂಕದ ಜೊತೆ ಹೋಲಿಸೋಕೆ ಬರಲ್ಲ. ಹಾಗಾಗಿ ಕೆಳಗೆ ಗೆರೆ ಎಳೆದು ಮೂರು ಪ್ರಶ್ನೆ ಸೇರಿಸಿದೆ. ಸಂಕ ದಾಟ್ತೀರಾ? ಮೆಟ್ಟುಗತ್ತಿ ಮೇಲೆ ಕೂತು ಅಡಿಕೆ ಸುಲೀತೀರಾ? ಊಟಕ್ಕೆ ನೆಲದ ಮೇಲೆ ಕೂರ್ತೀರಾ? ಇದರ ಅಂಕ ಒಟ್ಟಿಗೆ ಕೂಡಿಸಲ್ಲ. ಆದರೆ ನಾನು ಮೊದಲು ಓದೋದು ಇದನ್ನೇ. ಆಪರೇಷನ್ನಿಗೆ ಮುಂಚೆಯೂ ಕೇಳುತ್ತೇವೆ. ಹೊಸ ಮಂಡಿಯಲ್ಲಿ ಕುಕ್ಕರಗಾಲಲ್ಲಿ ಕೂರೋದು ಎಷ್ಟೋ ಜನಕ್ಕೆ ಆಗಲ್ಲ. ಅದನ್ನು ಆಗಲೇ ಹೇಳಿಬಿಡಬೇಕು.

ಆ ಅಮ್ಮ ಸಂಕಕ್ಕೆ ಬಿದಿರಿನ ಹಿಡಿಕೆ ಕಟ್ಟಿಸಿಕೊಂಡಿದ್ದಾರೆ. ಮೆಟ್ಟಿಲಿಗೆ ಈಗ 3 ಬಂದಿದೆ. ಕುಸಿಯೋ ಪ್ರಶ್ನೆಗೆ ಇನ್ನೂ 2. ವ್ಯಾಯಾಮ ನಿಲ್ಲಿಸಬೇಡಿ ಅಂದಿದ್ದೇನೆ.