ಮೆಕೆಂಜಿಗಳ ಜಾಡಿನಲ್ಲಿ ಒಂದು ದಿನ

ನಾನು ಹುಟ್ಟಿ ಬೆಳೆದದ್ದು ಶ್ರೀರಂಗಪಟ್ಟಣದ ಗಂಜಾಂನಲ್ಲಿ. ಈಗಿರುವುದು ಸ್ಕಾಟ್ಲೆಂಡಿನ ಉತ್ತರಕ್ಕಿರುವ ಇನ್ವರ್ನೆಸ್‌ನಲ್ಲಿ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಎಂಟು ಸೀಟಿನ ವ್ಯಾನಿನಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಊರೂರು ತೋರಿಸುವುದು ನನ್ನ ಕೆಲಸ. ನಾನು ಮಾಡುವ ಸುತ್ತುಗಳಲ್ಲಿ ನನಗೆ ತುಂಬ ಹತ್ತಿರವಾದದ್ದು ಮೆಕೆಂಜಿ ಕ್ಲಾನಿನದು. ಬೆಳಿಗ್ಗೆ ಒಂಬತ್ತಕ್ಕೆ ಹೊರಟರೆ ಸಂಜೆ ಆರಕ್ಕೆ ಮನೆ, ಒಟ್ಟು ಸುಮಾರು 100 ಕಿಲೋಮೀಟರ್. ಇದನ್ನು ಈಗಿನ ರೂಪಕ್ಕೆ ತರಲು ನಾಲ್ಕು ವರ್ಷ ಹಿಡಿಯಿತು.

ಕ್ಲಾನ್ ಅಂದರೇನು ಅಂತ ನಮ್ಮವರು ಕೇಳಿದರೆ ಮೊದಲು 'ಬೆಡಗು' ಅನ್ನುತ್ತೇನೆ. ಗೇಲಿಕ್ ಭಾಷೆಯಲ್ಲಿ ಆ ಪದದ ಅರ್ಥ ಮಕ್ಕಳು ಅಂತ. ಒಬ್ಬ ಮೂಲಪುರುಷನ ಮಕ್ಕಳೆಂದು ಹೇಳಿಕೊಳ್ಳುವ ಜನ, ಅವರಿಗೊಬ್ಬ ಪಾಳೆಯಗಾರನಂಥ ಯಜಮಾನ, ಅವನ ಕೈಯಲ್ಲೊಂದು ಸೀಮೆ. ಆ ಸೀಮೆಯಲ್ಲಿ ಉತ್ತು ಬಿತ್ತಿದವರಲ್ಲಿ ಎಷ್ಟೋ ಜನಕ್ಕೆ ಒಡೆಯನ ಜೊತೆ ರಕ್ತಸಂಬಂಧವೇ ಇರಲಿಲ್ಲ, ಅವನ ಹೆಸರನ್ನೇ ತಮ್ಮದು ಮಾಡಿಕೊಂಡಿದ್ದರು ಅಷ್ಟೆ. ಮೆಕೆಂಜಿ ಅಂದರೆ ಕೆನೆತ್‌ನ ಮಗ.

ಮೊದಲ ವರ್ಷ ನಾನೂ ಎಲ್ಲರ ಹಾಗೆ ಕೋಟೆಗಳ ಪಟ್ಟಿ ಹಿಡಿದುಕೊಂಡು ಹೊರಟಿದ್ದೆ. ಈಲಿಯನ್ ಡೊನನ್ ಕೋಟೆ ಹಿಂದೆ ಮೆಕೆಂಜಿಗಳದ್ದು. ಪೋಸ್ಟ್‌ಕಾರ್ಡುಗಳಲ್ಲಿ ಅದೇ ಚಿತ್ರ, ಬಂದವರೆಲ್ಲ ಅದನ್ನೇ ಕೇಳುತ್ತಾರೆ. ಆದರೆ ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ. ಮೂಲ ಕೋಟೆಯನ್ನು 1719ರಲ್ಲೇ ಬ್ರಿಟಿಷ್ ಯುದ್ಧನೌಕೆಗಳು ಉಡಾಯಿಸಿದವು. ಈಗ ನಿಂತಿರುವುದು 1912ರಿಂದ 1932ರವರೆಗೆ ಕಟ್ಟಿದ್ದು. ವ್ಯಾನಿನಲ್ಲಿ ಜನ ನಿದ್ದೆ ಹೋಗುತ್ತಿದ್ದರು. ಅದನ್ನು ಕೈಬಿಟ್ಟೆ. 1746ರ ಯುದ್ಧ ನಡೆದ ಕಲೋಡನ್ ರಣರಂಗವನ್ನೂ ಬಿಟ್ಟೆ, ಅದಕ್ಕೆ ಬೇರೆಯೇ ಒಂದು ದಿನ ಬೇಕು. ಅಲ್ಲದೆ ಈ ಸುತ್ತಿನ ಮುಖ್ಯ ಪಾತ್ರಧಾರಿ ಆ ಯುದ್ಧದಲ್ಲಿ ಇರಲೇ ಇಲ್ಲ. ಅವನ ವಿಷಯಕ್ಕೆ ಬರುತ್ತೇನೆ.

ಹೋದ ಮೇ ತಿಂಗಳ ಒಂದು ದಿನವನ್ನೇ ಹೇಳುತ್ತೇನೆ. ಅವತ್ತು ವ್ಯಾನಿನಲ್ಲಿ ಆರು ಜನ. ಕೆನಡಾದ ನೋವಾ ಸ್ಕೋಷಿಯಾದಿಂದ ಬಂದ ಅಕ್ಕ ತಂಗಿ, ಹುಟ್ಟಿನಿಂದ ಮೆಕೆಂಜಿಗಳು, ಜೊತೆಗೆ ಅವರ ಗಂಡಂದಿರು. ಇನ್ನಿಬ್ಬರು ಮೈಸೂರಿನವರು, ಮಗನ ಮನೆಗೆಂದು ಅಬರ್ಡೀನ್‌ಗೆ ಬಂದಿದ್ದ ನಿವೃತ್ತ ಇತಿಹಾಸದ ಮೇಷ್ಟ್ರು ಮತ್ತು ಅವರ ಮನೆಯವರು. ವ್ಯಾನ್ ಹತ್ತುತ್ತಲೇ ಮೇಷ್ಟ್ರು ಕೇಳಿದ್ದು, "ಏನಮ್ಮಾ, ನಮ್ಮ ಮೆಕೆಂಜಿ ಎಲ್ಲಿ ಸಿಗ್ತಾನೆ?"

ಅವರು ಕೇಳಿದ್ದು ಕಾಲಿನ್ ಮೆಕೆಂಜಿಯನ್ನು. ಟಿಪ್ಪು ಬಿದ್ದ ಮೇಲೆ ಮೈಸೂರು ಸೀಮೆಯನ್ನು ಅಳೆದವನು, ಊರೂರಿನ ಕೈಫಿಯತ್ತುಗಳನ್ನೂ, ಅಂದರೆ ಸ್ಥಳೀಯ ಚರಿತ್ರೆಯ ಬರಹಗಳನ್ನೂ, ಶಾಸನಗಳ ಪ್ರತಿಗಳನ್ನೂ ಕೂಡಿಹಾಕಿಸಿದವನು, 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದವನು. "ಅವನ ಊರು ಸ್ಟಾರ್ನೋವೇ, ಸಮುದ್ರದಾಚೆ ಲೂಯಿಸ್ ದ್ವೀಪದಲ್ಲಿ. ಇವತ್ತು ಆಗಲ್ಲ ಮೇಷ್ಟ್ರೇ," ಅಂದೆ. ಅವರ ಮುಖ ಚಿಕ್ಕದಾಯಿತು. "ಆದರೆ ಅವನ ಒಡೆಯರು ಸಿಗ್ತಾರೆ," ಅಂದೆ.

ಮೊದಲ ನಿಲುಗಡೆ ಬ್ಯೂಲಿ. ಸುಮಾರು 1230ರಲ್ಲಿ ಸನ್ಯಾಸಿಗಳಿಗಾಗಿ ಕಟ್ಟಿದ ಮಠ, ಈಗ ಸೂರಿಲ್ಲದ ಕೆಂಪುಗಲ್ಲಿನ ಗೋಡೆಗಳು. ಬಾಗಿಲ ಬಳಿ ಎಂಟು ನೂರು ವರ್ಷದ್ದೆಂದು ಹೇಳುತ್ತಿದ್ದ ಎಲ್ಮ್ ಮರವೊಂದಿತ್ತು, 2023ರ ಜನವರಿಯಲ್ಲಿ ಬಿದ್ದುಹೋಯಿತು. ಒಳಗೆ ಉತ್ತರದ ತೋಳಿನಲ್ಲಿ ಕಿಂಟೇಲಿನ ಕೆನೆತ್ ಮೆಕೆಂಜಿಯ ಗೋರಿಯಿದೆ, ಕವಚ ತೊಟ್ಟು ಅಂಗಾತ ಮಲಗಿದ ಕಲ್ಲಿನ ಆಳು. ಐನೂರು ವರ್ಷದಲ್ಲಿ ಮುಖವೆಲ್ಲ ಸವೆದಿದೆ. ಇಂಥ ಕಲ್ಲಿಗೆ ಟಾರ್ಚನ್ನು ನೇರವಾಗಿ ಹಿಡಿದರೆ ಏನೂ ಕಾಣುವುದಿಲ್ಲ. ಕಲ್ಲಿನ ಮಟ್ಟಕ್ಕೆ ಕೈ ಇಳಿಸಿ, ಬೆಳಕು ಮೇಲ್ಮೈಯನ್ನು ಸವರಿಕೊಂಡು ಹೋಗುವ ಹಾಗೆ ಪಕ್ಕದಿಂದ ಬಿಡಬೇಕು. ಆಗ ಒಂದೊಂದೇ ಗೆರೆ ನೆರಳು ಕಟ್ಟಿಕೊಂಡು ಎದ್ದು ಬರುತ್ತದೆ. ಮೇಷ್ಟ್ರು ನನ್ನ ಕೈಯಿಂದ ಟಾರ್ಚ್ ಇಸಿದುಕೊಂಡು ಮಂಡಿಯೂರಿಯೇ ಬಿಟ್ಟರು. "ನಾವು ಶಾಸನಕ್ಕೆ ಸೀಮೆಸುಣ್ಣ ಉಜ್ತಿದ್ವಿ, ಅದು ತಪ್ಪು ಅಂತ ಆಮೇಲೆ ಗೊತ್ತಾಯ್ತು," ಅಂದರು. ಇಲ್ಲಿ ಬೆರಳು ತಾಗಿಸುವುದೂ ಬೇಡ ಅನ್ನುತ್ತೇನೆ, ಈ ಮರಳುಗಲ್ಲು ಅಷ್ಟು ಮೆದು.

ಈ ಕೆನೆತ್‌ನ ಕಥೆ ಇಲ್ಲಿ ಎಲ್ಲರ ಬಾಯಲ್ಲೂ ಇದೆ. ಅವನ ಹೆಂಡತಿ ದ್ವೀಪಗಳ ದೊರೆ ಮ್ಯಾಕ್‌ಡೊನಾಲ್ಡನ ಮಗಳು, ಅವಳಿಗೆ ಒಂದೇ ಕಣ್ಣು. ಬೀಗರ ಜೊತೆ ಜಗಳವಾದಾಗ ಕೆನೆತ್ ಅವಳನ್ನು ಒಕ್ಕಣ್ಣಿನ ಕುದುರೆ ಹತ್ತಿಸಿ, ಒಕ್ಕಣ್ಣಿನ ಆಳು, ಒಕ್ಕಣ್ಣಿನ ನಾಯಿಯ ಜೊತೆ ತವರಿಗೆ ಅಟ್ಟಿದನಂತೆ. ಆ ಅವಮಾನಕ್ಕೆ ಮ್ಯಾಕ್‌ಡೊನಾಲ್ಡರು ದಂಡೆತ್ತಿ ಬಂದು ಸೋತರು, ಕೆನೆತ್‌ಗೆ 'ಕಾಳಗದ ಕೆನೆತ್' ಅಂತ ಹೆಸರು ನಿಂತಿತು. ಇದು ಐತಿಹ್ಯ, ಹಾಗೆಂದೇ ಹೇಳುತ್ತೇನೆ. ಅವತ್ತು ಮೇಷ್ಟ್ರ ಮನೆಯವರು ಎಲ್ಲ ಕೇಳಿಸಿಕೊಂಡು, "ಆ ಹೆಣ್ಣುಮಗಳ ಹೆಸರೇನಮ್ಮ?" ಅಂದರು. ಮಾರ್ಗರೆಟ್. ನನಗೆ ಹೆಸರು ಗೊತ್ತಿತ್ತು, ಆದರೂ ನಾಲ್ಕು ವರ್ಷದಿಂದ ಹೆಸರಿಲ್ಲದೆ 'ಹೆಂಡತಿ' ಅಂತಲೇ ಹೇಳಿಕೊಂಡು ಬಂದಿದ್ದೆ. ಈಗ ಕಥೆಯನ್ನು ಅವಳ ಹೆಸರಿನಿಂದಲೇ ಶುರುಮಾಡುತ್ತೇನೆ.

ಅಲ್ಲಿಂದ ಕ್ಯಾಸಲ್ ಲೌಡ್, ಸ್ಟ್ರಾತ್‌ಪೆಫರ್ ಊರಿನ ಪಕ್ಕ. ಹದಿನೇಳನೇ ಶತಮಾನದ ಆರಂಭದ ಗೋಪುರದ ಮನೆ, ಇವತ್ತಿಗೂ ಕ್ಲಾನಿನ ಯಜಮಾನರ ವಾಸದ ಮನೆ. ಹಾಗಾಗಿ ವರ್ಷದಲ್ಲಿ ಕೆಲವೇ ದಿನ ಬಾಗಿಲು ತೆರೆಯುತ್ತದೆ. ಮೊದಲ ವರ್ಷ ಹಳೆಯ ಪಟ್ಟಿಯೊಂದನ್ನು ನಂಬಿ ಹೋಗಿ ಐದು ಜನರನ್ನು ಗೇಟಿನಿಂದಲೇ ವಾಪಸ್ಸು ಕರೆತಂದಿದ್ದೆ. ಈಗ ಬುಕಿಂಗ್ ತೆಗೆದುಕೊಳ್ಳುವ ಮುಂಚೆ ಒಮ್ಮೆ, ಹಿಂದಿನ ದಿನ ಒಮ್ಮೆ ವಿಚಾರಿಸುತ್ತೇನೆ. ಹೊರಗೆ ದೊಡ್ಡದೊಂದು ಸ್ಪ್ಯಾನಿಷ್ ಚೆಸ್ಟ್‌ನಟ್ ಮರವಿದೆ, 1550ರಲ್ಲಿ ನೆಟ್ಟದ್ದೆಂದು ಹೇಳುತ್ತಾರೆ. ನನ್ನ ಮುಖ್ಯ ಕಥೆಗೆ ಅದರ ಬುಡವೇ ಜಾಗ. ಗಾಳಿಗೆ ಬೆನ್ನು ಕೊಟ್ಟು ಜನರನ್ನು ನಿಲ್ಲಿಸುತ್ತೇನೆ, ಮನೆಯ ಗೋಡೆ ಅವರ ಕಣ್ಣೆದುರಿಗೆ ಬರಬೇಕು.

1745ರಲ್ಲಿ ಈ ಮನೆಯ ಒಡೆಯ ಕ್ರೊಮಾರ್ಟಿಯ ಮೂರನೇ ಅರ್ಲ್, ಜಾರ್ಜ್ ಮೆಕೆಂಜಿ. ಅರ್ಲ್ ಅಂದರೆ ವಂಶಪಾರಂಪರ್ಯವಾಗಿ ಬರುವ ಸರದಾರ ಪದವಿ. ರಾಜ ಜಾರ್ಜನ ವಿರುದ್ಧ ದಂಗೆಯೆದ್ದ, ಹಿಂದಿನ ಸ್ಟುವರ್ಟ್ ರಾಜವಂಶದ ರಾಜಕುಮಾರ ಚಾರ್ಲ್ಸ್‌ನ ಪಕ್ಷಕ್ಕೆ ಸೇರಿ ಒಕ್ಕಲು ಮಕ್ಕಳನ್ನು ಯುದ್ಧಕ್ಕೆ ಕರೆದೊಯ್ದ. ದಂಗೆ ಮುರಿದುಬಿದ್ದ ಕಲೋಡನ್ ಯುದ್ಧ ನಡೆದದ್ದು 1746ರ ಏಪ್ರಿಲ್ 16ರಂದು. ಅದರ ಹಿಂದಿನ ದಿನವೇ ಅರ್ಲ್ ಉತ್ತರದ ಡನ್‌ರಾಬಿನ್‌ನಲ್ಲಿ ಮಗನ ಸಮೇತ ಸೆರೆಸಿಕ್ಕಿದ. ಲಂಡನ್ನಿನಲ್ಲಿ ಮರಣದಂಡನೆ ವಿಧಿಸಿದರು. ತುಂಬು ಗರ್ಭಿಣಿ ಹೆಂಡತಿ ಇಸಬೆಲ್ಲಾ ರಾಜನ ಕಾಲಿಗೆ ಬಿದ್ದು ಬೇಡಿಕೊಂಡ ಮೇಲೆ ತಲೆ ಉಳಿಯಿತು, ಪದವಿ ಮತ್ತು ಜಮೀನು ಹೋಯಿತು. ಅವನ ಜೊತೆ ಸಿಕ್ಕಿಬಿದ್ದ ಸಾಮಾನ್ಯರಲ್ಲಿ ಎಷ್ಟೋ ಜನರನ್ನು ಹಡಗಿಗೆ ತುಂಬಿ ವಸಾಹತುಗಳಿಗೆ ಸಾಗಿಸಿದರು. ಅವರ ಪರವಾಗಿ ಯಾರೂ ರಾಜನ ಕಾಲಿಗೆ ಬೀಳಲಿಲ್ಲ.

ಮಗ ಜಾನ್ ಮೆಕೆಂಜಿ, ಲಾರ್ಡ್ ಮೆಕ್ಲೌಡ್ ಅಂತ ಬಿರುದು. ಕ್ಷಮಾದಾನ ಪಡೆದು ಸ್ವೀಡನ್ನಿನ ಸೈನ್ಯ ಸೇರಿದ. ಮೂವತ್ತು ವರ್ಷದ ನಂತರ ವಾಪಸ್ಸು ಬಂದು, ಅಪ್ಪ ಯಾವ ರಾಜವಂಶದ ಮೇಲೆ ಕತ್ತಿ ಎತ್ತಿದ್ದನೋ ಅದೇ ವಂಶದ ರಾಜನಿಗೆ ಒಂದು ರೆಜಿಮೆಂಟ್ ಕಟ್ಟಿಕೊಟ್ಟ, 73ನೆಯ ಹೈಲ್ಯಾಂಡರ್ಸ್. 1780ರಲ್ಲಿ ಅದು ಮದರಾಸಿನಲ್ಲಿ ಇಳಿಯಿತು. ಅದೇ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಪಡೆಯನ್ನು ಹೈದರ್ ಮತ್ತು ಟಿಪ್ಪು ಮುತ್ತಿ ಮುರಿದಾಗ, ಆ ಪಡೆಯೊಳಗೆ ಈ ರೆಜಿಮೆಂಟಿನ ಎರಡು ಕಂಪನಿಗಳಿದ್ದವು. ಅವರಲ್ಲೊಬ್ಬ ಕ್ಯಾಪ್ಟನ್ ಡೇವಿಡ್ ಬೇರ್ಡ್. ಬದುಕಿ ಉಳಿದವರನ್ನು ಶ್ರೀರಂಗಪಟ್ಟಣದ ಸೆರೆಮನೆಗೆ ತಂದರು. ಬೇಲಿ 1782ರಲ್ಲಿ ಅಲ್ಲೇ ಸತ್ತ. ಬಿಡುಗಡೆಯಾದ ಬೇರ್ಡ್ 1799ರ ಮೇ 4ರಂದು ಕೋಟೆ ಹತ್ತಿದ ಪಡೆಯ ಮುಂದಾಳಾಗಿ ಮತ್ತೆ ಬಂದ.

ಚಿಕ್ಕಂದಿನಲ್ಲಿ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ನ ಪಶ್ಚಿಮ ಗೋಡೆಯ ಮುಂದೆ ನಿಂತು ಪೊಳ್ಳಿಲೂರು ಕಾಳಗದ ಚಿತ್ರವನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಪಲ್ಲಕ್ಕಿಯಲ್ಲಿ ಗಾಯಗೊಂಡ ಬೇಲಿ, ಸಿಡಿಯುತ್ತಿರುವ ಮದ್ದಿನ ಬಂಡಿ, ಸುತ್ತ ಒತ್ತೊತ್ತಾಗಿ ಕೆಂಪು ಕೋಟಿನವರು. ಆ ಕೆಂಪು ಕೋಟಿನವರು ಯಾವ ಊರಿನವರು ಅನ್ನುವ ಪ್ರಶ್ನೆ ನನಗೆ ಹುಟ್ಟಿದ್ದು ಈ ಮರದ ಕೆಳಗೆ. ಮರದ ಬುಡದಲ್ಲಿ ಮೂರು ಸಂಗತಿಗಳನ್ನು ಒಟ್ಟಿಗೆ ಇಡುತ್ತೇನೆ. 1784ರಲ್ಲಿ ಮಂಗಳೂರು ಒಪ್ಪಂದವಾಗಿ ಪಟ್ಟಣದ ಸೆರೆಯಾಳುಗಳು ಹೊರಬಂದರು. ಅದೇ ವರ್ಷ ದರಿಯಾ ದೌಲತ್ ಎದ್ದು ನಿಂತಿತು. ಅದೇ ವರ್ಷ ಇಲ್ಲಿ ಕ್ರೊಮಾರ್ಟಿ ಜಮೀನನ್ನು ಲಾರ್ಡ್ ಮೆಕ್ಲೌಡ್‌ಗೆ ಹಿಂತಿರುಗಿಸಿದರು.

ಕೆನಡಾದ ತಂಗಿ ತುಂಬ ಹೊತ್ತು ಸುಮ್ಮನಿದ್ದು, "ನಮ್ಮವರು ಹೋಗಿದ್ದು 1773ರಲ್ಲಿ, ಹೆಕ್ಟರ್ ಹಡಗಿನಲ್ಲಿ," ಅಂದಳು. ಲಾಕ್ ಬ್ರೂಮ್‌ನಿಂದ ಪಿಕ್ಟೌಗೆ ಸುಮಾರು 190 ಜನರನ್ನು ಹೊತ್ತೊಯ್ದ ಹಡಗು ಅದು. "ಇನ್ನೈದು ವರ್ಷ ಇಲ್ಲೇ ಇದ್ದಿದ್ದರೆ ನಮ್ಮವರೂ ನಿಮ್ಮ ಆ ಗೋಡೆಯ ಮೇಲೆ ಇರುತ್ತಿದ್ದರೇನೋ." ಅದನ್ನು ಕನ್ನಡದಲ್ಲಿ ಹೇಳಿದಾಗ ಮೇಷ್ಟ್ರು ಅವಳ ಕಡೆ ತಿರುಗಿ ಕೈಮುಗಿದರು.

ಸ್ಟ್ರಾತ್‌ಪೆಫರ್‌ನಲ್ಲಿ ಊಟ. ವಿಕ್ಟೋರಿಯನ್ ಕಾಲದಲ್ಲಿ ಗಂಧಕದ ನೀರು ಕುಡಿಯಲು ಜನ ಬರುತ್ತಿದ್ದ ಊರು. ಕೆನಡಾದವರಿಗೆ ಬೇಳೆ ಸೂಪು, ಬ್ರೆಡ್ಡು. ಮೇಷ್ಟ್ರ ಮನೆಯವರು ಡಬ್ಬಿಯಲ್ಲಿ ಪುಳಿಯೋಗರೆ ತಂದಿದ್ದರು. ಮಳೆ ಹಿಡಿದದ್ದರಿಂದ ನಾವು ಮೂವರು ವ್ಯಾನಿನಲ್ಲೇ ಕೂತು ತಿಂದೆವು. ಮಳೆ ನಿಂತ ಮೇಲೆ ಊರಂಚಿನ ಹದ್ದಿನ ಕಲ್ಲಿಗೆ ಐದು ನಿಮಿಷದ ನಡಿಗೆ. ಅದು ಮೆಕೆಂಜಿಗಳಿಗಿಂತ ಎಷ್ಟೋ ಶತಮಾನ ಹಿಂದಿನ ಪಿಕ್ಟ್ ಜನರದ್ದು, ಮೇಲೊಂದು ಲಾಳದ ಗುರುತು, ಕೆಳಗೆ ಹದ್ದು. ಮೂರು ಸಲ ಬಿದ್ದರೆ ಈ ಕಣಿವೆಗೆ ಸಮುದ್ರ ನುಗ್ಗಿ ಕಲ್ಲಿಗೇ ಹಡಗು ಕಟ್ಟುತ್ತಾರೆ ಅಂತ ಬ್ರಾಹನ್‌ನ ಕಾಲಜ್ಞಾನಿಯ ಮಾತು. ಎರಡು ಸಲ ಬಿದ್ದಿದೆಯಂತೆ, ಈಗ ಬುಡಕ್ಕೆ ಕಾಂಕ್ರೀಟು ಹಾಕಿದ್ದಾರೆ. "ಕೈವಾರ ತಾತಯ್ಯನ ಹಾಗೆ ಅನ್ನು," ಅಂದರು ಮೇಷ್ಟ್ರ ಮನೆಯವರು. ನಾನು ವಿವರಿಸುವುದು ಏನೂ ಉಳಿಯಲಿಲ್ಲ.

ಆ ಕಾಲಜ್ಞಾನಿಯನ್ನು ಇಟ್ಟುಕೊಂಡಿದ್ದರೆನ್ನುವ ಬ್ರಾಹನ್ ಕೋಟೆ ಸೀಫೋರ್ತ್ ಮೆಕೆಂಜಿಗಳದ್ದು, ಕ್ಲಾನಿನ ದೊಡ್ಡ ಮನೆ. 1950ರ ದಶಕದಲ್ಲಿ ಅದನ್ನು ಕೆಡವಿದರು. ಅಲ್ಲಿ ನಿಲ್ಲಿಸದೆ ನೇರ ಫೋರ್ಟ್‌ರೋಸ್‌ಗೆ ಹೋಗುತ್ತೇನೆ. ಅಲ್ಲಿನ ದೊಡ್ಡ ಚರ್ಚಿನಲ್ಲಿ ಈಗ ಉಳಿದಿರುವುದು ದಕ್ಷಿಣದ ಪಡಸಾಲೆ ಮತ್ತು ಇನ್ನೊಂದು ಕಟ್ಟಡ ಮಾತ್ರ, ಸುತ್ತ ಹಸಿರು ಹುಲ್ಲು. ಸೀಫೋರ್ತ್ ಮನೆತನದವರನ್ನು ಹೂಳಿದ ಜಾಗ. ಮೇಷ್ಟ್ರಿಗೆ ಹೇಳಿದ ಒಡೆಯರು ಇವರೇ. ಕಾಲಿನ್ ಹುಟ್ಟಿದ ಲೂಯಿಸ್ ದ್ವೀಪ ಇವರ ಆಸ್ತಿಯಾಗಿತ್ತು.

ಇಲ್ಲಿ ಗೋರಿಗಳಿಗಿಂತ ನಾನು ಹೆಚ್ಚು ಹೊತ್ತು ಹೇಳುವುದು 1778ರ ಸೈನಿಕರ ಕಥೆ. ಸೀಫೋರ್ತ್ ಅರ್ಲ್ ಕಟ್ಟಿದ ರೆಜಿಮೆಂಟನ್ನು ಎಡಿನ್‌ಬರೋ ಪಕ್ಕದ ಲೀತ್ ಬಂದರಿಗೆ ಕಳಿಸಿದಾಗ, ಕೊಡುತ್ತೇವೆಂದಿದ್ದ ಹಣ ಕೈಗೆ ಬಂದಿರಲಿಲ್ಲ. ತಮ್ಮನ್ನು ಈಸ್ಟ್ ಇಂಡಿಯಾ ಕಂಪನಿಗೆ ಮಾರಿಬಿಟ್ಟಿದ್ದಾರೆ ಅಂತ ಸುದ್ದಿ ಹಬ್ಬಿತು. ನೂರಾರು ಜನ ಹಡಗು ಹತ್ತದೆ, ಬ್ಯಾಗ್‌ಪೈಪ್ ಊದಿಕೊಂಡು ಆರ್ಥರ್ಸ್ ಸೀಟ್ ಗುಡ್ಡ ಹತ್ತಿ ಕೂತರು. ಅವರಲ್ಲಿ ಮೆಕ್ರೇಗಳು ಹೆಚ್ಚು, ಮೆಕೆಂಜಿಗಳ ಸೀಮೆಯ ಒಕ್ಕಲುಗಳು. ಊರಿನ ಜನ ಊಟ ಹೊತ್ತು ತಂದುಕೊಟ್ಟರು. ಕೊನೆಗೆ ಬಾಕಿ ತೀರಿಸಿ, ಭಾರತಕ್ಕೆ ಕಳಿಸುವುದಿಲ್ಲವೆಂದು ಮಾತು ಕೊಟ್ಟು ಕೆಳಗಿಳಿಸಿದರು. 1781ರಲ್ಲಿ ಭಾರತದ ಹಡಗನ್ನೇ ಹತ್ತಿಸಿದರು. ದಾರಿಯಲ್ಲಿ ಅರ್ಲ್ ಸತ್ತ, ಸ್ಕರ್ವಿ ರೋಗಕ್ಕೆ 200ಕ್ಕೂ ಹೆಚ್ಚು ಸೈನಿಕರು ಸತ್ತರು. ಉಳಿದವರ ರೆಜಿಮೆಂಟೇ 72 ಅನ್ನುವ ಹೊಸ ಅಂಕೆ ಹೊತ್ತು 1791ರ ಡಿಸೆಂಬರ್‌ನಲ್ಲಿ ನಮ್ಮ ಸಾವನದುರ್ಗಕ್ಕೆ ಮುತ್ತಿಗೆ ಹಾಕಿದ ಪಡೆಗಳಲ್ಲಿತ್ತು. ಮೇಷ್ಟ್ರ ಮನೆಯವರ ತವರು ಮಾಗಡಿ. ಅವರು ಗೋರಿಗಳ ಕಡೆ ನೋಡದೆ ಹುಲ್ಲಿನ ಮೇಲೆ ಕೂತುಬಿಟ್ಟರು. "ಬರಲ್ಲ ಅಂದೋರನ್ನ ಹಿಡಿದು ಕಳಿಸಿದ್ರಾ," ಅಂದರು.

ಕೊನೆಯದು ಚಾನನ್ರಿ ಪಾಯಿಂಟ್, ಸಮುದ್ರದೊಳಕ್ಕೆ ಚಾಚಿದ ನೆಲದ ನಾಲಿಗೆ. ಕಾಲಜ್ಞಾನಿಯನ್ನು ಸೀಫೋರ್ತ್ ಕೌಂಟೆಸ್, ಅಂದರೆ ಅರ್ಲ್‌ನ ಹೆಂಡತಿ, ಇಲ್ಲಿ ಟಾರಿನ ಪೀಪಾಯಿಯಲ್ಲಿ ಸುಡಿಸಿದಳು ಅನ್ನುತ್ತಾರೆ, ನೆನಪಿನ ಕಲ್ಲೂ ಇದೆ. ಸೀಫೋರ್ತ್ ವಂಶದ ಕೊನೆಯ ಒಡೆಯನಿಗೆ ಕಿವಿ ಕೇಳುವುದಿಲ್ಲ, ನಾಲ್ಕು ಗಂಡುಮಕ್ಕಳೂ ಅವನಿಗಿಂತ ಮುಂಚೆ ಸಾಯುತ್ತಾರೆ ಅಂತ ಕಾಲಜ್ಞಾನಿ ನುಡಿದಿದ್ದನಂತೆ. 1815ರಲ್ಲಿ ಸತ್ತ ಲಾರ್ಡ್ ಸೀಫೋರ್ತ್‌ನ ಬಾಳು ಹಾಗೇ ಆಯಿತು. ಆದರೆ ಈ ಭವಿಷ್ಯಗಳು ಪುಸ್ತಕವಾಗಿ ಅಚ್ಚಾದದ್ದು 1877ರಲ್ಲಿ, ಅದನ್ನೂ ಹೇಳಲೇಬೇಕು.

ಜನ ಇಲ್ಲಿಗೆ ಬರುವುದು ಡಾಲ್ಫಿನ್‌ಗಳಿಗಾಗಿ. ಇಳಿತ ಮುಗಿದು ನೀರು ಏರತೊಡಗಿದ ಮೇಲೆ ಸಾಲ್ಮನ್ ಮೀನು ಹಿಡಿಯಲು ಅವು ದಡದ ತೀರ ಹತ್ತಿರ ಬರುತ್ತವೆ. ಇಡೀ ದಿನದ ವೇಳೆಯನ್ನು ನಾನು ಇಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿಕೊಂಡು ಬರುತ್ತೇನೆ. ಉಬ್ಬರವಿಳಿತದ ಪಟ್ಟಿಗಳು ಸಾಮಾನ್ಯವಾಗಿ ಗ್ರೀನಿಚ್ ಸಮಯದಲ್ಲಿರುತ್ತವೆ, ಬೇಸಿಗೆಯಲ್ಲಿ ಒಂದು ಗಂಟೆ ಕೂಡಿಸಬೇಕು. ಎರಡನೇ ವರ್ಷ ಅದನ್ನು ಕೂಡಿಸದೆ ಏಳು ಜನರನ್ನು ಒಂದು ಗಂಟೆ ಚಳಿಗಾಳಿಯಲ್ಲಿ ನಿಲ್ಲಿಸಿದ್ದೆ. ಅವತ್ತು ಲೆಕ್ಕ ಸರಿಯಿತ್ತು. ನಾಲ್ಕೂವರೆಗೆ ಮೂರು ಡಾಲ್ಫಿನ್, ಕಲ್ಲೆಸೆಯುವಷ್ಟು ದೂರದಲ್ಲಿ.

ಕೆಸಕ್ ಸೇತುವೆಯ ಮೇಲೆ ವ್ಯಾನ್ ಹೋಗುತ್ತಿರುವಾಗ ಕೆನಡಾದ ತಂಗಿ ಪೊಳ್ಳಿಲೂರು, ದರಿಯಾ ದೌಲತ್ ಅನ್ನುವ ಹೆಸರುಗಳನ್ನು ಬರೆದುಕೊಡಿ ಅಂದಳು. ಮೇಷ್ಟ್ರು ಅವಳ ನೋಟುಪುಸ್ತಕ ತೆಗೆದುಕೊಂಡು ಮೊದಲು ಇಂಗ್ಲಿಷಿನಲ್ಲಿ, ಕೆಳಗೆ ಕನ್ನಡದಲ್ಲಿ ಬರೆದರು. ಆಮೇಲೆ ಮುಂದಕ್ಕೆ ಬಾಗಿ, "ಲೂಯಿಸ್‌ಗೆ ಹಡಗು ಎಲ್ಲಿಂದಮ್ಮ?"

"ಅಲ್ಲಾಪೂಲ್‌ನಿಂದ ಮೇಷ್ಟ್ರೇ. ಮೂರು ಗಂಟೆಯೊಳಗೆ ಸ್ಟಾರ್ನೋವೇ."

"ನಾಳೆ ನಿಂಗೆ ಬೇರೆ ಕೆಲಸ ಇದೆಯಾ?"