ತೋಟದಿಂದ ಮನೆಗೆ ನಿಲ್ಲದೆ ಹತ್ತಿ ಬರ್ತೀರಾ?

ಕಾಸರಗೋಡಿನಲ್ಲಿ ಅರಿವಳಿಕೆ ಡಾಕ್ಟರ್ ಆಗಿದ್ದೇನೆ. ಆಪರೇಷನ್‌ಗೆ ಮೊದಲು ರೋಗಿಯನ್ನು ನೋಡಲು ಹೋದರೆ ರಿಪೋರ್ಟಿನ ಫೈಲ್ ಆಮೇಲೆ ತೆರೆಯುತ್ತೇನೆ. ಮೊದಲು ಮಾತು.

ಎರಡು ಮಹಡಿ ಮೆಟ್ಟಿಲು ಹತ್ತಬಲ್ಲಿರಾ ಅಂತ ಕೇಳಬೇಕು ಎಂದು ನಮಗೆ ಕಲಿಸುತ್ತಾರೆ. ಹೃದಯ, ಶ್ವಾಸಕೋಶದ ತಾಕತ್ತು ಅದರಲ್ಲೇ ಗೊತ್ತಾಗುತ್ತದೆ. ಬದಿಯಡ್ಕ, ಪೆರ್ಲದ ಕಡೆಯವರಿಗೆ ಮಹಡಿ ಎಲ್ಲಿಂದ? ತೋಟ ಕೆಳಗೆ, ಮನೆ ಗುಡ್ಡದ ಮೇಲೆ. ಹಾಗಾಗಿ ತೋಟದಿಂದ ನಿಲ್ಲದೆ ಹತ್ತಿ ಬರ್ತೀರಾ ಅಂತ ಕೇಳುತ್ತೇನೆ.

60 ದಾಟಿದ ಕೃಷಿಕರೊಬ್ಬರು ಹರ್ನಿಯಾಕ್ಕೆ ಬಂದಿದ್ದರು. "ಏನೂ ತೊಂದರೆ ಇಲ್ಲ ಡಾಕ್ಟ್ರೇ" ಅಂದರು. ರಕ್ತದ ರಿಪೋರ್ಟ್, ಶುಗರ್, ಬಿಪಿ ಎಲ್ಲ ಸರಿ ಇತ್ತು. ಬಾಗಿಲ ಹತ್ತಿರ ನಿಂತಿದ್ದ ಹೆಂಡತಿ ಮೆಲ್ಲ ಹೇಳಿದರು: "ಮಳೆಗಾಲದಿಂದ ಇವರು ಹಲಸಿನ ಮರದ ಬುಡದಲ್ಲಿ ಕೂತೇ ಬರುವುದು. ಒಮ್ಮೆ ಕಣ್ಣು ಕತ್ತಲೆ ಬಂದದ್ದೂ ಉಂಟು."

ಸ್ಟೆತೊಸ್ಕೋಪ್ ಇಟ್ಟೆ. ಗರಗಸ ಎಳೆದ ಹಾಗೆ ಒರಟು ಸದ್ದು, ಕುತ್ತಿಗೆಯವರೆಗೂ. ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದರೆ ಹೃದಯದಿಂದ ರಕ್ತ ಹೊರಗೆ ಹೋಗುವ ಕವಾಟ ತುಂಬಾ ಕಿರಿದಾಗಿತ್ತು. ಹರ್ನಿಯಾಕ್ಕೆ ಹೆಚ್ಚಾಗಿ ಮರಗಟ್ಟಿಸಲು ಬೆನ್ನಿಗೆ ಇಂಜೆಕ್ಷನ್ ಕೊಡುತ್ತೇವೆ. ಅದರಿಂದ ರಕ್ತನಾಳ ಸಡಿಲವಾಗಿ ಬಿಪಿ ಇಳಿಯುತ್ತದೆ. ಬೇರೆಯವರಿಗೆ ಔಷಧಿ ಕೊಟ್ಟು ಏರಿಸಬಹುದು. ಇಂಥ ಹೃದಯ ಆ ಇಳಿತ ತಾಳುವುದು ಬಹಳ ಕಷ್ಟ. ಹರ್ನಿಯಾಕ್ಕೆ ಅವಸರ ಇರಲಿಲ್ಲ. ಮೊದಲು ಮಂಗಳೂರಿಗೆ, ಹೃದಯದ ಡಾಕ್ಟರ ಹತ್ತಿರ ಕಳಿಸಿದೆ. ಅಂದಿನಿಂದ ಈ ಪ್ರಶ್ನೆ ಕೇಳುವಾಗ ಮನೆಯವರ ಮುಖವನ್ನೂ ನೋಡುತ್ತೇನೆ.

ಆಮೇಲೆ ಬಾಯಿ. ನಮ್ಮಲ್ಲಿ ಎಲೆಯಡಿಕೆ ಜಾಸ್ತಿ ಅಲ್ವಾ? ವರ್ಷಗಟ್ಟಲೆ ಅಡಿಕೆ ಜಗಿದ ಕೆಲವರಿಗೆ ಕೆನ್ನೆಯ ಒಳಗೆ ಹುರಿಯ ಹಾಗೆ ಬಿಗಿದುಕೊಂಡಿರುತ್ತದೆ. ಅವರದೇ ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ಬಾಯಿಗೆ ಹಾಕಲು ಹೇಳುತ್ತೇನೆ. ಎರಡು ಬೆರಳು ಕೂಡ ಹಿಡಿಯದಿದ್ದರೆ, ನಿದ್ದೆ ಬರಿಸಿದ ಮೇಲೆ ಉಸಿರಿನ ಟ್ಯೂಬ್ ಹಾಕುವುದು ಕಷ್ಟ. ಎಚ್ಚರ ಇರುವಾಗಲೇ ಮೂಗಿನಿಂದ ಫೈಬರ್ ಸ್ಕೋಪ್ (ಒಳಗೆ ನೋಡುವ ತೆಳು, ಬಳುಕುವ ನಳಿಕೆ) ಹಿಡಿದು ಹಾಕುವ ತಯಾರಿ ಬೇಕು. ಅದು ಹಿಂದಿನ ದಿನವೇ ಗೊತ್ತಾಗಬೇಕು.

ಮಾತ್ರೆಗಳನ್ನು ಕವರ್ ಸಮೇತ ತರಿಸುತ್ತೇನೆ. ಕಷಾಯ, ಅರಿಷ್ಟವೂ ಬರಲಿ.

"ಏನೂ ತಿಂದಿಲ್ಲ, ಚಾಯ ಮಾತ್ರ ಕುಡಿದದ್ದು." ಈ ಮಾತು ಎಷ್ಟು ಸಲ ಕೇಳಿದ್ದೇನೋ! ಹಾಲಿಲ್ಲದ ಕಟ್ಟನ್ ಚಾಯ ಆದರೆ 2 ಗಂಟೆ ಕಾದರೆ ಸಾಕು. ಹಾಲು ಬಿದ್ದರೆ 6 ಗಂಟೆ, ಗಂಜಿಗೂ ಅಷ್ಟೇ. ಹೊಟ್ಟೆಯಲ್ಲಿರುವುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. ಅದಕ್ಕೇ ಹಿಂದಿನ ಸಂಜೆ ಮನೆಯವರ ಕೈಗೆ ಚೀಟಿ ಬರೆದು ಕೊಡುತ್ತೇನೆ, ಕನ್ನಡದಲ್ಲೊಂದು, ಮಲಯಾಳದಲ್ಲೊಂದು.