ಬರಲಿರುವ ಗ್ರಾಫಿಕ್ಸ್ ಕಾರ್ಡಿನ ಸುದ್ದಿಯನ್ನು ಅಳೆಯುವುದು ಹೇಗೆ?

ಗೋಣಿಕೊಪ್ಪದ ನಮ್ಮ ಬಂಧುವೊಬ್ಬ, ಕಂಪ್ಯೂಟರಿನ ಪರದೆಗೆ ಚಿತ್ರ ಮೂಡಿಸುವ ಹೊಸ ಗ್ರಾಫಿಕ್ಸ್ ಕಾರ್ಡ್ ಇನ್ನೇನು ಬಂತೆಂಬ ಸುದ್ದಿ ನಂಬಿ, ಚೆನ್ನಾಗಿ ಓಡುತ್ತಿದ್ದ ಹಳೆಯದನ್ನು ಅರ್ಧ ಬೆಲೆಗೆ ಮಾರಿದ. ಹೊಸದು ಬರಲಿಲ್ಲ; ಮಳೆಗಾಲವಿಡೀ ಕಂಪ್ಯೂಟರ್ ಸುಮ್ಮನೆ ಕುಳಿತಿತ್ತು. ಮಡಿಕೇರಿಯ ಇನ್ನೊಬ್ಬ ಯುವಕ ಇಂಥದ್ದೇ ಸುದ್ದಿಗೆ ಕಾಫಿ ಮಾರಿದ ಹಣವನ್ನು ಅಂಥ ಕಾರ್ಡ್ ಮಾಡುವ ಅಮೆರಿಕದ ಕಂಪನಿಯ ಷೇರಿಗೆ ಸುರಿದ. ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಬಿದ್ದ ದಿನವೇ ಯಾವ ಬೆಳೆಗಾರನೂ ಫಸಲಿನ ಮೂಟೆ ಎಣಿಸುವುದಿಲ್ಲ. ಆ ಎಚ್ಚರ ಇಲ್ಲಿಯೂ ಬೇಕು.

ಮೊದಲು, ಸುದ್ದಿ ಕಾರ್ಡ್ ತಯಾರಿಸುವ ಕಂಪನಿಯದೋ ಬೇರೆಯವರದೋ ನೋಡಿ. ಕಂಪನಿಯದಲ್ಲದಿದ್ದರೆ ಮುಂದಿನ ಲೆಕ್ಕಕ್ಕೆ ಕುಳಿತುಕೊಳ್ಳಿ.

ಎರಡನೆಯದು ಮೆಮೊರಿ ಲೆಕ್ಕ. ಹೆಚ್ಚಿನವರು ಎಡವುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ಓದಿ. ಈ ಕಾರ್ಡುಗಳಲ್ಲಿ ಬಳಸುವ ಜಿಡಿಡಿಆರ್ ಎಂಬ ಬಗೆಯ ಮೆಮೊರಿಯ ಒಂದೊಂದು ಚಿಪ್‌ಗೂ 32 ಬಿಟ್ ಅಗಲದ ಸಂಪರ್ಕ ಬೇಕು. ಹಾಗಾಗಿ ಮೆಮೊರಿ ಬಸ್ಸಿನ, ಅಂದರೆ ಮೆಮೊರಿಗೆ ಮಾಹಿತಿ ಹೋಗಿಬರುವ ದಾರಿಯ, ಅಗಲವನ್ನು 32ರಿಂದ ಭಾಗಿಸಿದರೆ ಚಿಪ್‌ಗಳ ಸಂಖ್ಯೆ ಸಿಗುತ್ತದೆ. 256 ಬಿಟ್ ಎಂದರೆ ಎಂಟು ಚಿಪ್. ತಲಾ 2 ಜಿಬಿ ಆದರೆ 16 ಜಿಬಿ, 3 ಜಿಬಿ ಆದರೆ 24. 192 ಬಿಟ್ ಎಂದರೆ ಆರು ಚಿಪ್. 12 ಅಥವಾ 18. ಹಲಗೆಯ ಎರಡೂ ಬದಿಗೆ ಚಿಪ್ ಕೂರಿಸಿದರೆ ಇದು ಇಮ್ಮಡಿಯಾಗುತ್ತದೆ. ಅಮೆರಿಕದ ಎನ್‌ವಿಡಿಯಾ ಕಂಪನಿಯ ಕಾರ್ಡಾದ 128 ಬಿಟ್ಟಿನ ಆರ್‌ಟಿಎಕ್ಸ್ 4060 ಟಿಐ 16 ಜಿಬಿ ಆದದ್ದು ಹೀಗೆ. ಇನ್ನು ಯಾರಾದರೂ '256 ಬಿಟ್, 20 ಜಿಬಿ' ಎಂದರೆ, ಎಂಟು ಚಿಪ್‌ಗೆ ತಲಾ ಎರಡೂವರೆ ಜಿಬಿ ಆಗುವ ಆ ಸುದ್ದಿಯನ್ನು ಅಲ್ಲಿಗೇ ಬಿಡಿ. ಆದರೆ ಲೆಕ್ಕ ಹೊಂದಿತು ಎಂದ ಮಾತ್ರಕ್ಕೆ ಕಾರ್ಡ್ ಬಂದೇ ಬರುತ್ತದೆ ಎಂದಲ್ಲ. ಅಂಥದ್ದನ್ನು ತಯಾರಿಸಲು ಸಾಧ್ಯವಿದೆ, ಅಷ್ಟೇ.

ಕೋರ್‌ಗಳ (ಕಾರ್ಡಿನೊಳಗೆ ಲೆಕ್ಕ ಮಾಡುವ ಪುಟ್ಟ ಘಟಕಗಳ) ಸಂಖ್ಯೆಯನ್ನು ಮಾತ್ರ ನಾನು ಎಂದೂ ನೆಚ್ಚುವುದಿಲ್ಲ. 2020ರಲ್ಲಿ ಆರ್‌ಟಿಎಕ್ಸ್ 3090ಕ್ಕೆ 5,248 ಕೋರ್ ಎಂದು ಸುದ್ದಿ ಸೋರಿತ್ತು. ಎನ್‌ವಿಡಿಯಾ ಪ್ರಕಟಿಸಿದ್ದು 10,496. ಹೊಸ ವಿನ್ಯಾಸದಲ್ಲಿ ಎಣಿಕೆಗೆ ಸಿಗುವ ಘಟಕಗಳೇ ಇಮ್ಮಡಿಯಾಗಿದ್ದವು. ವಿದ್ಯುತ್ತಿನ ವಿಷಯದಲ್ಲೂ ಹೀಗೆಯೇ: 4090ಕ್ಕೆ 600 ವಾಟ್ ಎಂದು ಊರೆಲ್ಲ ಗುಲ್ಲಾಯಿತು, ಬಂದದ್ದು 450.

ಕಂಪನಿ ತೋರಿಸುವ ವೇಗದ ಪಟ್ಟಿಗೂ ಇದೇ ಎಚ್ಚರ. 2025ರ ಜನವರಿಯಲ್ಲಿ, 549 ಡಾಲರಿನ 5070ಕ್ಕೆ 4090ರ ವೇಗವಿದೆ ಎಂದು ಎನ್‌ವಿಡಿಯಾ ಹೇಳಿತು. ಆ ಮಾತು ನಿಂತದ್ದು, ನಿಜವಾಗಿ ಚಿತ್ರಿಸಿದ ಒಂದು ಫ್ರೇಮಿಗೆ (ಪರದೆಯ ಮೇಲಿನ ಒಂದು ಚಿತ್ರಕ್ಕೆ) ಮೂರರವರೆಗೆ ಕೃತಕ ಫ್ರೇಮ್ ಸೇರಿಸುವ ತಂತ್ರದ ಮೇಲೆ. ಸ್ವತಂತ್ರ ಪರೀಕ್ಷೆಗಳು ಬರುವವರೆಗೆ ಮುಂಗಡ ಕೊಡಬೇಡಿ.

ನಮ್ಮಲ್ಲಿನ ಬೆಲೆ ಅಂದಾಜಿಸಲು, ಡಾಲರಿನಲ್ಲಿ ಹೇಳಿದ ಬೆಲೆಯನ್ನು ಡಾಲರ್ ದರದಿಂದ ಗುಣಿಸಿ, 18% ಜಿಎಸ್‌ಟಿ ಸೇರಿಸಿ, ಅದರ ಮೇಲೆ ಸ್ವಲ್ಪ ಹಿಡಿಯಿರಿ. 5070ಕ್ಕೆ 2025ರಲ್ಲಿ ಭಾರತದಲ್ಲಿ ಘೋಷಿಸಿದ ಬೆಲೆ 59,000 ರೂಪಾಯಿ ಆಗಿತ್ತು.

ಷೇರು ಕೊಳ್ಳುವವರಿಗೆ ಬೇರೆಯೇ ಲೆಕ್ಕ. 2025ರ ಜನವರಿಗೆ ಮುಗಿದ ವರ್ಷದಲ್ಲಿ ಎನ್‌ವಿಡಿಯಾದ ವರಮಾನ 13,050 ಕೋಟಿ ಡಾಲರ್. ಅದರಲ್ಲಿ ಗೇಮಿಂಗ್ ವಿಭಾಗದ್ದು ಹತ್ತನೇ ಒಂದು ಪಾಲಿಗೂ ಕಡಿಮೆ. ಮಿಕ್ಕ ಬಹುಪಾಲು ಡೇಟಾ ಸೆಂಟರ್‌ಗಳಿಂದ ಬಂದದ್ದು. ಆಟದ ಕಾರ್ಡಿನ ಗಾಳಿಮಾತಿಗೆ ಆ ಷೇರು ಕೊಳ್ಳುವುದು, ತೋಟದ ಅಂಚಿನ ಕಿತ್ತಳೆ ಮರ ನೋಡಿ ಕಾಫಿ ತೋಟಕ್ಕೆ ಬೆಲೆ ಕಟ್ಟಿದಂತೆ.

ಕಾರ್ಡ್ ಕೊಳ್ಳುವುದೆಂದು ನಿರ್ಧರಿಸಿದ ಮೇಲೆ, ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ ಮತ್ತು ಕ್ಯಾಬಿನೆಟ್ಟಿನ ಅಳತೆ ನೋಡಿಕೊಳ್ಳಿ. ಹೆಸರಿಲ್ಲದ ಅಗ್ಗದ ಎಸ್‌ಎಂಪಿಎಸ್ ಬೇಡವೇ ಬೇಡ. ಆಷಾಢದಲ್ಲಿ ನಮ್ಮಲ್ಲಿ ವಿದ್ಯುತ್ ಹೋಗಿ ಬರುವ ರಭಸಕ್ಕೆ ಅಂಥದ್ದು ತಾಳುವುದಿಲ್ಲ, ತಾನು ಸುಡುವಾಗ ಕಾರ್ಡನ್ನೂ ಸುಟ್ಟೀತು. ಹಳೆಯ ಕಾರ್ಡನ್ನು ಮಾರುವುದು, ಹೊಸದು ನಿಮ್ಮ ಮೇಜಿನ ಮೇಲೆ ಒಂದು ವಾರ ತೊಂದರೆಯಿಲ್ಲದೆ ಓಡಿದ ಮೇಲೆ.